ಎರಡು ಬಾಯಿಯ ಗಂಟೆ

ಟಂಗ್ ಟಿಂಗ್ ಟಿಂಗ್, ಕೋಜೊನ ಕೈಯಲ್ಲಿ ಆ ಎರಡು ಬಾಯಿಯ ಕಬ್ಬಿಣದ ಗಂಟೆ, ದೊಡ್ಡ ಬಾಯಿಗೊಂದು ಪೆಟ್ಟು, ಸಣ್ಣ ಬಾಯಿಗೆರಡು, ಗಲ್ಫಿನ ಈ ಊರಿನ ಓಲ್ಡ್ ಏರ್‌ಪೋರ್ಟ್ ಬಡಾವಣೆಯ ಪಾರ್ಟಿ ಹಾಲಿನಲ್ಲಿ ದೊಡ್ಡವರು ಇನ್ನೂ ಬಿರಿಯಾನಿಯಲ್ಲಿದ್ದಾರೆ, ಮಕ್ಕಳು ಆಗಲೇ ಕುಣಿಯುತ್ತಿವೆ — ನನ್ನ ನಾಲಗೆ ಮಾತ್ರ ಮತ್ತೆ ಮತ್ತೆ ಆ ಖಾಲಿ ಜಾಗಕ್ಕೇ ಹೋಗುತ್ತದೆ, ಮುಂದಿನ ಹಲ್ಲು ಇದ್ದಲ್ಲಿಗೆ, ಬುಧವಾರ ಡಾಕ್ಟರು ಕಿತ್ತು, ಕ್ಲಿಫರ್ಡ್, ಒಂದು ತಿಂಗಳು ಟ್ರಂಪೆಟ್ ಮುಟ್ಟಬೇಡಿ ಅಂದರು, ಒಂದು ತಿಂಗಳು! ಹನ್ನೊಂದು ವರ್ಷ ಊದಿದವನಿಗೆ. ಕೋಜೊಗೆ ಹೇಳಿಲ್ಲ, ನಿನ್ನೆ ಪ್ರಾಕ್ಟೀಸಿಗೂ ಶೀತ ಅಂತ ಮಾಸ್ಕ್ ಹಾಕಿಯೇ ಕೂತೆ. ಘಾನಾದಿಂದ ವಯರಿಂಗ್ ಕೆಲಸಕ್ಕೆ ಬಂದವನು ಅವನು, ತನ್ನ ಊರಿನ ಕುಣಿತದ ತಾಳಕ್ಕೆ ನಮ್ಮ ಮಂಗಳೂರಿನ ಬೈಲಾ ಹಾಡು ಸೇರಿಸಿ ಈ ಬ್ಯಾಂಡ್ ಕಟ್ಟಿದ, ಅವನದ್ದು ಒಂದೇ ಕಟ್ಟಳೆ, ಗಂಟೆಯ ಕೋಲು ಯಾರ ಕಡೆ ಚಾಚುತ್ತದೋ ಅವರು ಎದ್ದು ನುಡಿಸಬೇಕು, ಆಗದವನು ಬ್ಯಾಂಡಿನಲ್ಲಿಲ್ಲ, ಖಲಾಸ್. ಬರುವಾಗ ವ್ಯಾನಿನಲ್ಲಿ ಬೇಸ್ ಗಿಟಾರಿನ ನವಾಝ್, ಎಂತ ಮಾರಾಯ, ಹೇಳಿಬಿಡು ಅವನಿಗೆ, ಹಲ್ಲು ಹೋದ್ರೆ ನೀನೇ ಹೋದ ಹಾಗಾ — ಅವನಿಗೆಂತ, ಅವನದ್ದು ಬೆರಳಿನ ಕೆಲಸ, ನನಗೆ ಬ್ಯಾಂಡಿನ ಈ ಶುಕ್ರವಾರಗಳು ಹೋದರೆ ಉಳಿಯುವುದು ಕೆಲಸದ ಸ್ಟೋರಿನ ಕುರ್ಚಿ, ಹೆದರಿಕೆ ಆಗುತ್ತದೆ, ಹೌದು. ಮೊದಲ ದಿನ ಕೋಜೊ ನಕ್ಕದ್ದು ನನ್ನ ಕಾಲು ನೋಡಿ, ಚರ್ಚಿನ ಮೆರವಣಿಗೆಯಲ್ಲಿ ಊದಲು ಕಲಿತವನು ನಾನು, ತಾಳ ಕೇಳಿದರೆ ಕಾಲು ತಾನೇ ಎಡ ಬಲ ಎಡ ಬಲ, ಗಂಟೆಯ ಪೆಟ್ಟು ಬೀಳುವುದೋ ಎರಡು ಹೆಜ್ಜೆಯ ನಡುವೆ. ಕ್ಲಿಫ್, ನಿನ್ನ ಕಾಲು ಇನ್ನೂ ಮೆರವಣಿಗೆಯಲ್ಲೇ ಇದೆ, ಅಂದಿದ್ದ, ಗಂಟೆಯನ್ನು ಮಾತ್ರ ಯಾರಿಗೂ ಮುಟ್ಟಲು ಕೊಟ್ಟವನಲ್ಲ, ಅವನ ಅಪ್ಪನದು.

ಕೋಲು ಎದ್ದಿತು, ನನ್ನ ಕಡೆಗೇ, ಎದ್ದೆ, ಟ್ರಂಪೆಟ್ ತುಟಿಗೆ ತಂದೆ, ಮುಗಿಯಿತು ಅಂದುಕೊಂಡೆ — ಆದರೆ ಕೋಲಿನ ಹಿಡಿ ನನ್ನ ಕಡೆಗಿದೆ, ಕೋಜೊ ಹತ್ತಿರ ಬಂದು, ನಿನ್ನೆ ನವಾಝನ ಹೆಂಡತಿ ಕುಲ್ಸುಂ ಕಳಿಸಿದ ಚಕ್ಕುಲಿಯನ್ನು ನೀನು ಮುಟ್ಟಲಿಲ್ಲ, ಆಗಲೇ ಹಲ್ಲಿನದ್ದು ಗೊತ್ತಾಯಿತು, ತಗೋ, ಟ್ರಂಪೆಟ್ಟಿನದ್ದು ನಾನು ಬಾಯಲ್ಲೇ ಹಾಡುತ್ತೇನೆ, ಯಲ್ಲಾ, ಶುರು ಮಾಡು, ಅಂದ. ಗಂಟೆ ನನ್ನ ಎಡಗೈಗೆ ಬಂತು, ಇಷ್ಟು ಭಾರವೇ ಇದು, ಕಣ್ಣು ತುಂಬಿದೆ, ನಗಬೇಕು, ಬಾಯಿ ಬಿಟ್ಟೇ ನಗಬೇಕು, ಇನ್ನೇನು ಮುಚ್ಚುವುದು, ಮೈಕಿನ ಮುಂದಿನಿಂದ ಅವನು ನನ್ನ ಕಾಲನ್ನೇ ನೋಡುತ್ತಿದ್ದಾನೆ, ಕಾಲೇ, ಇವತ್ತೊಂದು ದಿನ ಸುಮ್ಮನಿರು, ಎಡ ಬೇಡ, ಬಲ ಬೇಡ, ದೊಡ್ಡ ಬಾಯಿಗೊಂದು, ಸಣ್ಣ ಬಾಯಿಗೆರಡು, ಮಕ್ಕಳು ನಿಂತಿವೆ, ನವಾಝ್ ನಿಂತಿದ್ದಾನೆ, ಕೋಲು ಎತ್ತಿದ್ದೇನೆ, ಕೋಲು, ನನ್ನ ಕೈಯಲ್ಲಿ ಎತ್ತಿದ ಕೋಲು —