ನಿದ್ದೆ ಪೆಟ್ಟಿಗೆಯ ಹುಡುಗಿ

ಬೆಳಿಗ್ಗೆ ಬೆಡ್‌ಶೀಟು ಹಿಂಡುತ್ತಿದ್ದೆ. ಒಂದು ತುದಿಯನ್ನು ನಲ್ಲಿಗೆ ಸುತ್ತಿ, ಇನ್ನೊಂದನ್ನು ಎರಡೂ ಕೈಯಲ್ಲಿ ತಿರುಚುತ್ತಿರುವಾಗ ಯಾರೋ ಮೊಣಕೈ ಜಗ್ಗಿದರು. ತಿರುಗಿದರೆ ಮಗಳು. ತುಟಿ ಬಿಗಿಹಿಡಿದು ನಿಂತಿದ್ದಾಳೆ. ಚಾಚಿದ ಅಂಗೈಯಲ್ಲಿ ಮುಂದಿನ ಹಲ್ಲು.

"ನಾನೇನೂ ಮಾಡ್ಲಿಲ್ಲಮ್ಮ. ಬ್ರೆಡ್ ಕಚ್ಚಿದೆ, ಅದೇ ಬಂತು."

ಏಳು ವರ್ಷದ ಮಗುವಿನ ಹಾಲುಹಲ್ಲು ಬಿದ್ದರೆ ಯಾವ ಮನೆಯಲ್ಲಾದರೂ ನಗುತ್ತಾರೆ. ನನ್ನ ಕೈಯಿಂದ ಬೆಡ್‌ಶೀಟು ಜಾರಿ ಮತ್ತೆ ಬಕೆಟ್ಟಿನೊಳಗೆ ಕುಸಿಯಿತು. ನಿನ್ನೆ ತೆಗೆದ ದೃಶ್ಯ ಅರ್ಧಕ್ಕೆ ನಿಂತಿದೆ, ಉಳಿದರ್ಧ ಇವತ್ತು ತೆಗೆಯಬೇಕು, ನಿನ್ನೆ ಇದ್ದ ಹಲ್ಲು ಇವತ್ತಿಲ್ಲ. ನನಗೆ ಹೊಳೆದದ್ದು ಅಷ್ಟೇ.

"ಬಯ್ತಾರಾ?"

"ಸ್ವಲ್ಪ ಗೊಣಗ್ತಾರೆ. ನಿನ್ನನ್ನಲ್ಲ, ಹಲ್ಲನ್ನ."

"ಹಲ್ಲಿಗೆ ಕೇಳ್ಸುತ್ತಾ? ಬಿದ್ಮೇಲೂ ಕೇಳ್ಸುತ್ತಾ? ಇನ್ನೊಂದು ಯಾವಾಗ ಬರುತ್ತೆ? ಅದಕ್ಕೆ ದಾರಿ ಹೇಗೆ ಗೊತ್ತಾಗುತ್ತೆ?"

ಹುಟ್ಟಿ ಮಾತು ಕಲಿತಾಗಿನಿಂದ ಹೀಗೇ, ಬಿಡುವಿಲ್ಲದೆ ಕುಯ್ಯುತ್ತಾಳೆ. ಅದಕ್ಕೇ ನಮ್ಮತ್ತೆ ಅವಳಿಗೆ ಪಿಟೀಲು ಅಂತ ಹೆಸರಿಟ್ಟಿದ್ದಾರೆ. ಈಗ ಬೀದಿಯವರೂ ಹಾಗೇ ಕರೆಯುತ್ತಾರೆ.

ಪಿಟೀಲು ಟಿವಿ ಧಾರಾವಾಹಿಯಲ್ಲಿ ನಟಿಸುತ್ತಾಳೆ. ಬಾಹ್ಯಾಕಾಶದ ಕತೆ. ಹೊಸ ನೆಲ ಹುಡುಕಿಕೊಂಡು ಹೊರಟ ನೌಕೆಯೊಂದು ದಾರಿ ತಪ್ಪಿದೆ. ಅದರಲ್ಲಿರುವವರೆಲ್ಲ ದೊಡ್ಡವರು, ನೌಕೆಯಲ್ಲೇ ಹುಟ್ಟಿದ ಒಬ್ಬ ಹುಡುಗಿಯನ್ನು ಬಿಟ್ಟು. ಆ ಹುಡುಗಿ ನಮ್ಮವಳು. ಮೊದಲ ಸೀಸನ್ ಜನ ಮೆಚ್ಚಿದರು, ಈಗ ಎರಡನೆಯದರ ಚಿತ್ರೀಕರಣ. ಊರಾಚೆಯ ಹಳೇ ಗೋದಾಮಿನೊಳಗೆ ಬೆಳ್ಳಿ ಬಣ್ಣ ಬಳಿದ ಪ್ಲೈವುಡ್ಡಿನ ನೌಕೆ. ನಾನು ದಿನವೂ ಅವಳ ಜೊತೆ ಹೋಗಿ, ದೀಪದ ಕಂಬಗಳ ಹಿಂದೆ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರುತ್ತೇನೆ. ಕೂರುವುದೂ ಒಂದು ಕೆಲಸ ಅಂತ ಅಲ್ಲಿ ಕೂತ ಮೇಲೇ ಗೊತ್ತಾಗಿದ್ದು. ಸಂಜೆ ಮನೆಗೆ ಬಂದರೆ ಬೆಳಗಿನ ಪಾತ್ರೆಗಳು ಹಾಗೇ ಕಾಯುತ್ತಿರುತ್ತವೆ.

ಅವರು ಕತೆಯನ್ನು ಮೊದಲಿಂದ ಕೊನೆಗೆ ತೆಗೆಯುವುದಿಲ್ಲ. ಗೋದಾಮಿನಲ್ಲಿ ಒಂದು ಸಲಕ್ಕೆ ನೌಕೆಯ ಒಂದೇ ಕೋಣೆ ಹಿಡಿಸುತ್ತದೆ. ಅಡುಗೆಮನೆ ಕಟ್ಟಿದರೆ ಇಡೀ ಸೀಸನ್ನಿನ ಅಡುಗೆಮನೆ ದೃಶ್ಯಗಳನ್ನೆಲ್ಲ ಮುಗಿಸಿ, ಅದನ್ನು ಕೆಡವಿ, ಅದೇ ಹಲಗೆಗಳಲ್ಲಿ ಇಂಜಿನ್ ಕೋಣೆ ಕಟ್ಟುತ್ತಾರೆ. ಪ್ಲೈವುಡ್ಡಿಗೆ ಇದು ನಡೆಯುತ್ತದೆ, ಮಗುವಿಗೆ ನಡೆಯುವುದಿಲ್ಲ. ಕತೆಯಲ್ಲಿ ಆಗುವುದೆಲ್ಲ ಒಂದೆರಡು ವಾರದ ಸಂಗತಿ. ತೆಗೆಯಲು ವರ್ಷವೇ ಹಿಡಿಯಿತು. ಅಡುಗೆಮನೆಯಿಂದ ಹೊರಗೆ ಓಡಿದ ಹುಡುಗಿ ಇಂಜಿನ್ ಕೋಣೆಯ ಬಾಗಿಲಲ್ಲಿ ಎರಡು ಬೆರಳು ಉದ್ದವಾಗಿ ಒಳಗೆ ಬರುತ್ತಾಳೆ. ಅಷ್ಟೊಂದು ಜನ ಸೇರಿ ಗ್ರಹಗಳ ದೂರವನ್ನೆಲ್ಲ ಲೆಕ್ಕ ಹಾಕಿದ್ದರು, ಮಗು ಬೆಳೆಯುತ್ತದೆ ಅನ್ನುವುದನ್ನು ಮರೆತಿದ್ದರು.

ಆವತ್ತು ಹಲ್ಲಿನ ಜಾಗಕ್ಕೆ ಮೇಣದ ಹಲ್ಲು ಅಂಟಿಸಿದರು. ಮೊದಲ ಮಾತಿಗೇ ಅದು ಹಾರಿ ಕ್ಯಾಪ್ಟನ್ ಪಾತ್ರದವರ ಎದೆಗೆ ಬಿತ್ತು. "ನೌಕೆ ಮೇಲೆ ದಾಳಿ!" ಅಂದರು ಅವರು. ಎಲ್ಲರೂ ನಕ್ಕರು. ಡೈರೆಕ್ಟರು ಮಾತ್ರ ನಗಲಿಲ್ಲ.

ಮನೆಯಲ್ಲಿ ಅತ್ತೆಗೆ ಹೇಳಿದೆ. "ಆಕಾಶಕ್ಕೆ ನೌಕೆ ಕಳ್ಸೋರಿಗೆ ಒಂದು ಹಲ್ಲು ಕಟ್ಟಕ್ಕೆ ಬರಲ್ವೇನೇ?" ಅಂದರು. ಅತ್ತೆ ಧಾರಾವಾಹಿಯ ಒಂದು ಕಂತೂ ಬಿಡುವುದಿಲ್ಲ, ಬಯ್ಯುವುದನ್ನೂ ಬಿಡುವುದಿಲ್ಲ. "ಅಷ್ಟು ಜನ ಇದ್ದಾರೆ, ಒಬ್ರಾದ್ರೂ ಪಾತ್ರೆ ತೊಳೆದಿದ್ದು ನೋಡಿದ್ದೀಯಾ? ಅದಕ್ಕೇ ದಾರಿ ತಪ್ಪಿರೋದು."

ಸ್ವಲ್ಪ ದಿನದ ಮೇಲೆ ಡೈರೆಕ್ಟರು ನನ್ನನ್ನು ಗೋದಾಮಿನ ಹಿಂಬಾಗಿಲಿಗೆ ಕರೆದರು. ಚಿಕ್ಕ ವಯಸ್ಸಿನವರು. ನಿದ್ದೆಗೆಟ್ಟು ಕಣ್ಣುಗಳು ಒಳಗೆ ಹೋಗಿವೆ. ಕೈಯಲ್ಲಿ ಯಾವಾಗಲೂ ಟೀ ಕಪ್ಪು, ಯಾವಾಗಲೂ ಆರಿದ್ದು.

"ಕೂತ್ಕೊಳ್ಳಿ ಅಮ್ಮಾ."

"ಕೂತ್ರೆ ಏಳಕ್ಕಾಗಲ್ಲ ಸಾರ್. ನಿಂತೇ ಕೇಳ್ತೀನಿ."

"ಸೀಸನ್ನಿನ ಕೊನೇ ದೃಶ್ಯದಲ್ಲಿ ಹುಡುಗೀನ ನಿದ್ದೆ ಪೆಟ್ಟಿಗೇಲಿ ಮಲಗಿಸ್ತೀವಿ. ಮುಂದಿನ ಸೀಸನ್ ಶುರುವಾದಾಗ ಐದು ವರ್ಷ ಕಳೆದಿರುತ್ತೆ. ಪೆಟ್ಟಿಗೆ ಮುಚ್ಚಳ ತೆಗೀತಾರೆ. ಒಳಗಿಂದ ಎದ್ದು ಬರೋಳು..." ಕಪ್ಪಿನೊಳಗೆ ನೋಡಿದರು. "ಬೇರೆ ಹುಡುಗಿ. ಹನ್ನೆರಡು ವರ್ಷದೋಳು."

"ಮಲಗಿದ್ರೂ ಬೆಳೀತಾರಾ ಸಾರ್?"

"ನಮ್ಮ ಪೆಟ್ಟಿಗೇಲಿ ಬೆಳೀತಾರೆ. ಹಾಗೆ ಬರ್ಕೊಂಡಿದ್ದೀವಿ."

ಮೊದಲು ನನ್ನ ಮನಸ್ಸು ಹಗುರಾಯಿತು. ಈ ಸೀಸನ್ ಮುಗಿದರೆ ಬೆಳಗಿನ ಬಸ್ಸು ಇಲ್ಲ, ಆ ಕುರ್ಚಿ ಇಲ್ಲ, ಒಂದು ದಿನವಾದರೂ ಬಟ್ಟೆ ಬಿಸಿಲಿರುವಾಗಲೇ ಒಣಗುತ್ತದೆ. ಆಮೇಲೆ ನೌಕೆಯ ಕಿಟಕಿ ಒರೆಸುತ್ತಿದ್ದ ಮಗಳ ಬೆನ್ನು ಕಾಣಿಸಿತು. ಯಾರೂ ಹೇಳದೆಯೇ ಒರೆಸುತ್ತಿದ್ದಳು. ಅದು ಅವಳ ನೌಕೆ.

"ನಾನೇ ಹೇಳ್ತೀನಿ ಅವಳಿಗೆ," ಅಂದೆ.

"ಅದೇ ಬೇಡ ಅಂತ ಕೇಳ್ಕೊಳ್ಳೋಕೆ ಕರೆದೆ." ಅವರ ದನಿ ಇಳಿಯಿತು. "ಮಲಗೋವಾಗ ಅವಳು ಒಂದು ನಗು ನಗಬೇಕಮ್ಮಾ. ಎದ್ದಾಗ ಎಲ್ಲಾ ಹೀಗೇ ಇರುತ್ತೆ ಅಂತ ನಂಬಿರೋ ನಗು. ಗೊತ್ತಿದ್ದೋರಿಗೆ ಅದು ಬರಲ್ಲ, ಎಂಥಾ ನಟರಿಗೂ ಬರಲ್ಲ. ಆ ದೃಶ್ಯ ಮುಗಿಯೋ ತನಕ ಮಾತ್ರ."

ಅವರು ಕೆಟ್ಟವರಲ್ಲ. ಮಗಳಿಗೆ ಜ್ವರ ಬಂದಾಗ ಎರಡು ದಿನ ಇಡೀ ಕೆಲಸವನ್ನೇ ನಿಲ್ಲಿಸಿದವರು.

"ನಾನಾಗೇ ಹೇಳಲ್ಲ," ಅಂದೆ. "ಆದ್ರೆ ಅವಳು ಕೇಳಿದ್ರೆ ಸುಳ್ಳು ಹೇಳಲ್ಲ."

"ಕೇಳದೇ ಇರೋ ಹಾಗೆ ನೋಡ್ಕೊಳ್ಳಿ."

"ಅವಳ ಹೆಸರೇ ಪಿಟೀಲು ಸಾರ್."

ನಮ್ಮ ಮನೆಯಲ್ಲಿ ಇದೊಂದು ಪದ್ಧತಿ. ಅವಳು ಏನು ಕೇಳಿದರೂ ನಾನು ಇದ್ದದ್ದು ಇದ್ದ ಹಾಗೆ ಹೇಳುತ್ತೇನೆ. ಸೂಜಿ ಚುಚ್ಚಿದರೆ ನೋವಾಗುತ್ತಾ? ಆಗುತ್ತೆ. ತಾತ ಇನ್ನು ಏಳಲ್ವಾ? ಏಳಲ್ಲ. "ಮಕ್ಕಳಿಗೆ ಒಂದು ಸುಳ್ಳು ಹೇಳಿದ್ರೆ ನಿನ್ನ ಗಂಟೇನು ಹೋಗುತ್ತೆ?" ಅಂತ ಅತ್ತೆ ಎಷ್ಟೋ ಸಲ ಗದರಿದ್ದಾರೆ. ಸುಳ್ಳು ಹೇಳಿದರೆ ಅದನ್ನು ನೆನಪಿಟ್ಟುಕೊಳ್ಳಬೇಕು. ನನ್ನ ತಲೆಯಲ್ಲಿ ಅಷ್ಟು ಜಾಗ ಇಲ್ಲ.

ಹೇಗೂ ಇವತ್ತೋ ನಾಳೆಯೋ ಕೇಳುತ್ತಾಳೆ, ಹೇಳಿಬಿಡುತ್ತೇನೆ, ಡೈರೆಕ್ಟರಿಗೆ ಕೊಟ್ಟ ಮಾತೂ ಉಳಿಯುತ್ತದೆ ಅಂದುಕೊಂಡೆ. ಅವಳು ಕೇಳಲಿಲ್ಲ.

ಆ ವಾರ ಅವಳ ಬೆಳ್ಳಿ ಉಡುಪು ಮತ್ತೆ ಬಿಗಿಯಾಗಿತ್ತು. ಟೈಲರ್ ಮಾಮನ ಕೋಣೆಗೆ ಹೋದೆವು. ಪ್ರತಿ ಸಲವೂ ಒಂದಿಷ್ಟು ಹೊಲಿಗೆ ಬಿಚ್ಚಿ ಸಡಿಲ ಮಾಡುತ್ತಿದ್ದವರು ಅವರೇ. ಬಾಗಿಲು ತೆರೆದರೆ ಅವಳು ನಿಲ್ಲುವ ಸ್ಟೂಲಿನ ಮೇಲೆ ಉದ್ದ ಕೈಕಾಲಿನ ಹುಡುಗಿಯೊಬ್ಬಳು ನಿಂತಿದ್ದಾಳೆ. ಮೈಮೇಲೆ ಅದೇ ಬೆಳ್ಳಿ ಉಡುಪು, ದೊಡ್ಡ ಅಳತೆಯದು. ಜಡೆಯೂ ನಮ್ಮವಳದೇ ಥರ, ಒಂದು ಪಕ್ಕಕ್ಕೆ.

ಮಾಮನ ಬಾಯಲ್ಲಿ ಗುಂಡುಪಿನ್ನುಗಳಿದ್ದವು. ಅವನ್ನು ಉಗುಳುವ ಮೊದಲೇ ಏನೋ ಹೇಳಹೋಗಿ ಕೆಮ್ಮಿದರು. "ಇವಳು... ಇದು ಸುಮ್ನೆ, ಬಟ್ಟೆ ನೋಡಕ್ಕೆ..."

ಪಿಟೀಲು ಆ ಹುಡುಗಿಯನ್ನು ಕಾಲಿನಿಂದ ತಲೆಯವರೆಗೆ ನೋಡಿದಳು. ಆಮೇಲೆ ಹತ್ತಿರ ಹೋಗಿ ತೋಳಿನ ಕೆಳಗೆ ಬೆರಳು ತೋರಿಸಿದಳು.

"ಇಲ್ಲಿ ಚುಚ್ಚುತ್ತೆ ಅಕ್ಕ. ಒಳಗೆ ಬನಿಯನ್ ಹಾಕ್ಕೋ. ಹಳೇದು. ಹೊಸದಾದ್ರೆ ಅದೂ ಚುಚ್ಚುತ್ತೆ."

"ಥ್ಯಾಂಕ್ಸ್," ಅಂದಳು ಆ ಹುಡುಗಿ. ಅವಳೂ ಪಾಪದ ಹುಡುಗಿಯೇ. ಮುಖವೆಲ್ಲ ಕೆಂಪಾಗಿತ್ತು.

ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತಳು. ಸಿಗ್ನಲ್ ಹತ್ತಿರ ನಿಂತಾಗ ಯಾಕೆ ನಿಂತಿತು ಅನ್ನಲಿಲ್ಲ. ಮುಂದಿನ ಸೀಟಿನವರ ತಲೆ ಯಾಕೆ ಬೋಳು ಅನ್ನಲಿಲ್ಲ.

"ಏನಾದ್ರೂ ಕೇಳ್ಬೇಕಾ ಪುಟ್ಟಾ?"

"ಉಹೂಂ."

"ಏನ್ ಬೇಕಾದ್ರೂ ಕೇಳು."

"ಕೇಳಲ್ಲ." ಕಿಟಕಿಯ ಕಡೆಗೇ ಮುಖ. "ಕೇಳಿದ್ರೆ ನೀನು ಹೇಳ್ಬಿಡ್ತೀಯ."

ನನ್ನ ಮಡಿಲಲ್ಲಿ ತರಕಾರಿ ಚೀಲ ಇತ್ತು. ಅದನ್ನು ಇಳಿಸಿ ಅವಳನ್ನು ಎಳೆದುಕೊಳ್ಳಬೇಕು ಅನ್ನಿಸಿತು. ಅಷ್ಟರಲ್ಲಿ ಅವಳೇ ಚೀಲಕ್ಕೆ ತಲೆಯಿಟ್ಟು ಮಲಗಿದಳು.

ಅದಾದ ಮೇಲೆ ಮನೆಯಲ್ಲಿ ಪ್ರಶ್ನೆಗಳೇ ನಿಂತುಹೋದವು. ಅವಳಪ್ಪ ರಾತ್ರಿ ಪಾಳಿ ಮುಗಿಸಿ ಬಂದು ಮಲಗಿದಾಗ ಮೊದಲೆಲ್ಲ ಅವಳ ಬಾಯಿ ಮುಚ್ಚಿಸುವುದೇ ನನಗೊಂದು ಕೆಲಸವಾಗಿತ್ತು. ಈಗ ಅವರೇ ಎದ್ದು ಬಂದು, "ಮಗು ಮನೇಲಿಲ್ವಾ?" ಅನ್ನುತ್ತಾರೆ.

"ಪಿಟೀಲಿನ ತಂತಿ ಕಿತ್ಹೋಯ್ತೇನೇ?" ಅಂದರು ಅತ್ತೆ. "ಮನೆ ಬಿಕೋ ಅಂತಿದೆ. ಕೂರಿಸ್ಕೊಂಡು ಹೇಳ್ಬಿಡು. ಯಾರಿಗೆ ಕೊಟ್ಟ ಮಾತು ಅದು, ಆ ತಣ್ಣನೇ ಟೀ ಕುಡಿಯೋನಿಗೆ ತಾನೇ?"

"ಅವರಿಗೋಸ್ಕರ ಅಲ್ಲ ಅತ್ತೆ. ಅವಳೇ ಬೇಡ ಅಂತಿದ್ದಾಳೆ. ಒಳಗಿಂದ ಚಿಲಕ ಹಾಕ್ಕೊಂಡಿರೋರ ಮನೆಗೆ ನುಗ್ಗಕ್ಕಾಗುತ್ತಾ?"

"ಚಿಲಕ ಹಾಕ್ಕೊಂಡಿರೋದು ಏಳು ವರ್ಷದ್ದು ಕಣೇ. ಒಬ್ಬಳೇ ಇದ್ದಾಳೆ ಒಳಗೆ."

ಎದ್ದು ಪಾತ್ರೆ ತೊಳೆಯಲು ಹೋದೆ. ಅಲ್ಲಿಂದ ನೋಡಿದರೆ ಅವಳು ಟಿವಿಯ ಮುಂದೆ ಕೂತು ಮೊದಲ ಸೀಸನ್ ನೋಡುತ್ತಿದ್ದಳು. ಪರದೆಯ ಹುಡುಗಿ ನೌಕೆಯ ಓಣಿಯಲ್ಲಿ ಓಡುವಾಗ ಇವಳ ಕಾಲ ಬೆರಳುಗಳೂ ಅಲುಗುತ್ತಿದ್ದವು.

ಕೊನೆಯ ದೃಶ್ಯದ ದಿನ ಬಂತು. ಗೋದಾಮಿನಲ್ಲಿ ಈಗ ನಿದ್ದೆ ಕೋಣೆ. ಯಾವುದೋ ಅಂಗಡಿಯ ಹಳೇ ಫ್ರೀಜರನ್ನು ಪೆಟ್ಟಿಗೆ ಮಾಡಿದ್ದರು. ಗಾಳಿಯಾಡಲು ಹಿಂದೆ ತೂತು ಕೊರೆದಿದ್ದರು, ಒಳಗೆ ನೀಲಿ ಸ್ಪಂಜು, ಮೇಲೆ ಪಾರದರ್ಶಕ ಮುಚ್ಚಳ. ನಾನೇ ಒಳಗೆ ಕೈಹಾಕಿ ಸ್ಪಂಜು ಒತ್ತಿ ನೋಡಿದೆ. ಮುಚ್ಚಳವನ್ನು ಒಳಗಿನಿಂದ ತಳ್ಳಿದರೆ ಏಳುತ್ತದಾ ಅಂತಲೂ ನೋಡಿದೆ. ಏಳುತ್ತಿತ್ತು.

ಕತೆಯಲ್ಲಿ ಅವಳ ತಾಯಿಯ ಪಾತ್ರ ಮಾಡುವವರು ಪಕ್ಕದಲ್ಲಿ ಮಂಡಿಯೂರಿದರು. ಅವರ ಮಾತು ಇಷ್ಟೇ: "ಕಣ್ಣು ಮುಚ್ಚು ಕಂದ. ಬಿಟ್ಟಾಗ ಎಲ್ಲರೂ ಇಲ್ಲೇ ಇರ್ತೀವಿ." ಮಗು ನಗಬೇಕು, ಕಣ್ಣು ಮುಚ್ಚಬೇಕು, ಮುಚ್ಚಳ ಇಳಿಯಬೇಕು.

ಮೊದಲ ಸಲ ಅವಳು ನಕ್ಕಳು. ಬಾಯಿ ನಕ್ಕಿತು. ಡೈರೆಕ್ಟರು ಹೆಡ್‌ಫೋನ್ ಕಿವಿಯಿಂದ ಸರಿಸಿ, "ಚೆನ್ನಾಗಿದೆ ಮರಿ, ಇನ್ನೊಂದ್ಸಲ," ಅಂದರು. ಎರಡನೇ ಸಲವೂ ಹಾಗೇ. ಮೂರನೇ ಸಲಕ್ಕೆ ಅವರು ನನ್ನ ಕಡೆ ತಿರುಗಿದರು. ಹೇಳಿಬಿಟ್ಟಿರಾ ಅಂತ ಕೇಳುವ ನೋಟ. ನಾನು ಇಲ್ಲ ಅಂತ ತಲೆಯಾಡಿಸಿದೆ. ಅವರು ನಂಬಿದರೋ ಇಲ್ಲವೋ, ಮುಖ ಒರೆಸಿಕೊಂಡು ಮತ್ತೆ ಕ್ಯಾಮೆರಾದ ಹಿಂದೆ ಹೋದರು.

"ಕಣ್ಣು ಮುಚ್ಚು ಕಂದ. ಬಿಟ್ಟಾಗ ಎಲ್ಲರೂ ಇಲ್ಲೇ ಇರ್ತೀವಿ."

ಈ ಸಲ ಅವಳು ನಗಲೂ ಇಲ್ಲ, ಕಣ್ಣು ಮುಚ್ಚಲೂ ಇಲ್ಲ. ಮುಚ್ಚಳ ಇಳಿಯುತ್ತಾ ಬಂತು. ಅರ್ಧಕ್ಕೆ ಬಂದಾಗ ಒಳಗಿನಿಂದ ಒಂದು ಚಿಕ್ಕ ಅಂಗೈ ಅದನ್ನು ತಡೆಯಿತು.

"ಅಮ್ಮಾ."

"ಏನು ಕಂದ?" ಅಂದರು ತಾಯಿ ಪಾತ್ರದವರು, ಅಭ್ಯಾಸಬಲದಿಂದ.

"ನೀವಲ್ಲ ಆಂಟಿ. ನಮ್ಮಮ್ಮ."

ಕುರ್ಚಿಯಿಂದ ಎದ್ದೆ. ನೆಲದ ತುಂಬ ತಂತಿಗಳು. ಒಂದೊಂದನ್ನೇ ದಾಟಿಕೊಂಡು ಬೆಳಕಿನೊಳಗೆ ಹೋದೆ. ಯಾರೂ ತಡೆಯಲಿಲ್ಲ, ಕ್ಯಾಮೆರಾ ನಿಲ್ಲಿಸಿ ಅಂತಲೂ ಯಾರೂ ಹೇಳಲಿಲ್ಲ. ಅವಳ ಕಾಲರಿನಲ್ಲಿ ಮೈಕಿತ್ತು. ಪಿಸುಗುಟ್ಟಿದರೂ ಡೈರೆಕ್ಟರಿಗೆ ಕೇಳಿಸುತ್ತದೆ ಅನ್ನುವುದು ಅವಳಿಗೂ ಗೊತ್ತು. ಅವಳು ಪಿಸುಗುಟ್ಟಲಿಲ್ಲ. ನಾನು ಮಂಡಿಯೂರಿ ಮುಚ್ಚಳ ಎತ್ತಿ ಹಿಡಿದೆ.

"ಇಲ್ಲೇ ಇದ್ದೀನಿ. ಕೇಳು."

ನನ್ನ ಮುಖವನ್ನು ಸ್ವಲ್ಪ ಹೊತ್ತು ನೋಡಿದಳು. ಆಮೇಲೆ ಇಡೀ ಗೋದಾಮಿಗೆ ಕೇಳುವ ಹಾಗೆ ಕೇಳಿದಳು:

"ಅಮ್ಮಾ, ಇದನ್ನ ತೆಗೆದಾಗ ಒಳಗಿಂದ ಎದ್ದು ಬರೋದು ನಾನೇನಾ?"