ಹೆಸರು ಗೊತ್ತಿಲ್ಲದ ಮಾವ

ನಮ್ಮ ಬಸ್ ನಿಲ್ದಾಣದ ಹೆಂಗಸರ ಶೌಚಾಲಯವನ್ನು ಹತ್ತೊಂಬತ್ತು ವರ್ಷದಿಂದ ನೋಡಿಕೊಳ್ಳುತ್ತಿರುವವಳು ನಾನು. ಎದುರಿಗೆ ಸಿಕ್ಕಾಗ ಜನ ನನ್ನನ್ನು ಫಿನಾಯಿಲ್ ಅಕ್ಕ ಅನ್ನುತ್ತಾರೆ, ಬೆನ್ನ ಹಿಂದೆ ಬಾಯಿಬಡುಕಿ ಅನ್ನುತ್ತಾರೆ. ಎರಡೂ ಸುಳ್ಳಲ್ಲ.

ಹೋದ ವರ್ಷ ಇಲಾಖೆಯವರು ಮಾನವ ಕಳ್ಳಸಾಗಣೆ ತಡೆಯುವ ಬಗ್ಗೆ ಒಂದು ದೊಡ್ಡ ಫಲಕ ತಂದರು. ದೊಡ್ಡ ಸಾಹೇಬರು ಬಂದು ಟೇಪು ಕತ್ತರಿಸಿ ಮುಕ್ಕಾಲು ಗಂಟೆ ಮಾತಾಡಿದರು. ಅದರಲ್ಲಿ ಅರ್ಧ ಗಂಟೆ ಅವರೇ ಚಿಕ್ಕಂದಿನಲ್ಲಿ ಪಟ್ಟ ಕಷ್ಟಕ್ಕೆ ಹೋಯಿತು. ಚಪ್ಪಾಳೆ ಆಯಿತು, ಫೋಟೋ ಆಯಿತು. ಆಮೇಲೆ ಫಲಕ ಹಾಕೋದೆಲ್ಲಿ ಅನ್ನೋ ಪ್ರಶ್ನೆ ಬಂತು. ಮುಂದಿನ ಗೋಡೆಯ ತುಂಬ ಹಲ್ಲುಪುಡಿಯ ಜಾಹೀರಾತು, ಅದನ್ನು ಮುಚ್ಚುವ ಹಾಗಿಲ್ಲ. ಕೊನೆಗೆ ನಮ್ಮ ಶೌಚಾಲಯದ ಹಿಂದಿನ ಗೋಡೆಗೆ, ಬಸ್ಸು ತೊಳೆಯುವ ಅಂಗಳದ ಕಡೆ ಮುಖ ಮಾಡಿ ಹೊಡೆದು ಹೋದರು. ಅಂದಿನಿಂದ ನಮ್ಮ ಬಸ್ಸುಗಳಲ್ಲಿ ಒಳ್ಳೆಯ ಜಾಗೃತಿ ಮೂಡಿದೆ. ಈವರೆಗೆ ಒಂದು ಬಸ್ಸೂ ಮೋಸ ಹೋಗಿಲ್ಲ.

ಇದಾಗಿ ಒಂದು ತಿಂಗಳಿಗೆ, ಬೆಳಿಗ್ಗೆ ಹನ್ನೊಂದರ ಸುಮಾರಿಗೆ, ನೀಲಿ ಅಂಗಿಯ ಒಬ್ಬ ಮನುಷ್ಯ ಇಬ್ಬರು ಹುಡುಗಿಯರನ್ನು ಕರೆದುಕೊಂಡು ಬಂದ. ಅಂಗಿಗೆ ಇಸ್ತ್ರಿ, ತಲೆಗೆ ಎಣ್ಣೆ, ಬಾಯಿಗೆ ಬೆಣ್ಣೆ. ಹುಡುಗಿಯರಲ್ಲಿ ಒಬ್ಬಳಿಗೆ ಇಪ್ಪತ್ತರ ಹತ್ತಿರ, ಇನ್ನೊಬ್ಬಳಿಗೆ ಹದಿನಾರು ತುಂಬಿದ್ದರೆ ಹೆಚ್ಚು. ಇಬ್ಬರ ಕಾಲಲ್ಲೂ ಒಂದೇ ಥರದ ಹೊಸ ಚಪ್ಪಲಿ, ಇಬ್ಬರಿಗೂ ಒಂದು ಅಳತೆ ದೊಡ್ಡದು.

"ಬೇಗ ಕಳಿಸಮ್ಮ, ಹನ್ನೊಂದು ನಲವತ್ತಕ್ಕೆ ನಮ್ಮ ಬಸ್ಸು," ಅಂದ. ಪಾಪ, ಒಳಗೆ ಬರುವ ಹಾಗಿರಲಿಲ್ಲ. ಇಡೀ ನಿಲ್ದಾಣದಲ್ಲಿ ಅಂಥವರು ಕಾಲಿಡಲಾಗದ ಜಾಗ ಅಂದರೆ ಇದೊಂದೇ.

ಒಳಗೆ ಚಿಕ್ಕವಳು ಮುಖ ತೊಳೆಯುತ್ತಾ ಕೇಳಿದಳು, "ಆಂಟಿ, ಇದು ಯಾವ ಊರು?"

ಹೇಳಿದೆ. ಅವಳು ಎಂದೂ ಕೇಳಿದ ಹೆಸರಲ್ಲ ಅದು.

"ಹೊರಗೆ ನಿಂತಿರೋರು ಏನಾಗಬೇಕಮ್ಮ ನಿಮಗೆ?"

"ಮಾವ," ಅಂದಳು ಚಿಕ್ಕವಳು.

"ಚಿಕ್ಕಪ್ಪ," ಅಂದಳು ದೊಡ್ಡವಳು, ಅದೇ ಉಸಿರಿಗೆ.

"ಹಾಗಾದ್ರೆ ನೀವಿಬ್ಬರೂ ಏನಾಗಬೇಕು?"

ಇಬ್ಬರೂ ಮುಖ ಮುಖ ನೋಡಿಕೊಂಡರು. "ಮೊನ್ನೆ ಬಸ್ಸಲ್ಲಿ ಪರಿಚಯ ಆದ್ವಿ," ಅಂದಳು ದೊಡ್ಡವಳು.

ಸಂಬಂಧ ಅಂದರೆ ಹೀಗಿರಬೇಕು! ಒಬ್ಬಳಿಗೆ ಅಮ್ಮನ ತಮ್ಮ, ಇನ್ನೊಬ್ಬಳಿಗೆ ಅಪ್ಪನ ತಮ್ಮ, ಹೆಸರು ಮಾತ್ರ ಇಬ್ಬರಿಗೂ ಗೊತ್ತಿಲ್ಲ. ಬಟ್ಟೆ ಕಾರ್ಖಾನೆಯಲ್ಲಿ ಕೆಲಸವಂತೆ. ಕಾರ್ಖಾನೆ ಎಲ್ಲಿ ಅಂದರೆ ಮಾವನಿಗೆ ಗೊತ್ತು. ಫೋನು, ಗುರುತಿನ ಚೀಟಿ ಎಲ್ಲಿ ಅಂದರೆ, ಕಳೆದುಹೋಗಬಾರದು ಅಂತ ಮಾವನೇ ಚೀಲದಲ್ಲಿ ಇಟ್ಟುಕೊಂಡಿದ್ದಾರೆ. ಎಂಥ ಜವಾಬ್ದಾರಿ ಮನುಷ್ಯ!

ಇಂಥ ಜವಾಬ್ದಾರಿ ಮನುಷ್ಯರನ್ನು ನಾನು ಬಲ್ಲೆ. ಹದಿನೇಳನೇ ವಯಸ್ಸಿನಲ್ಲಿ ನನ್ನನ್ನೂ ಒಬ್ಬ 'ಅಣ್ಣ' ಹೀಗೇ ಕೆಲಸಕ್ಕೆ ಅಂತ ಕರೆತಂದು ಒಂದು ಮನೆಗೆ ಬಿಟ್ಟಿದ್ದ. ಮೂರು ವರ್ಷ ಅಡುಗೆಮನೆಯೇ ನನ್ನ ಊರು. ಹೊರಗಿನಿಂದ ಬೀಗ. ಮಹಡಿ ಮೇಲಿನ ಮನೆಯಾಕೆ ದಿನಾ ಮೆಟ್ಟಿಲಿಳಿಯುವಾಗ ಕಿಟಕಿಯ ಸರಳಿನಾಚೆ ನಿಂತು "ಚೆನ್ನಾಗಿದ್ದೀಯಾ?" ಅಂತ ಕೇಳುತ್ತಿದ್ದಳು. ಉತ್ತರಕ್ಕೆ ನಿಲ್ಲುತ್ತಿರಲಿಲ್ಲ. ತುಂಬಾ ಒಳ್ಳೆಯ ಹೆಂಗಸು, ಇನ್ನೊಬ್ಬರ ಮನೆಯ ವಿಷಯಕ್ಕೆ ಎಂದೂ ತಲೆ ಹಾಕಿದವಳಲ್ಲ. ಕೊನೆಗೆ ಮನೆಯವರು ಬೇರೆ ಊರಿಗೆ ಹೋಗುವಾಗ, ಮುರಿದ ಕುರ್ಚಿಗಳ ಜೊತೆ ನನ್ನನ್ನೂ ಬಿಟ್ಟು ಹೋದರು. ನನಗೆ ಬಿಡುಗಡೆ ಸಿಕ್ಕಿದ್ದು ಹಾಗೆ. ಅಂದಿನಿಂದ ನಾನು ಎಲ್ಲರ ವಿಷಯಕ್ಕೂ ತಲೆ ಹಾಕುತ್ತೇನೆ.

"ಒಳಗಿನಿಂದ ಚಿಲಕ ಹಾಕ್ಕೊಳ್ಳಿ," ಅಂದೆ ಹುಡುಗಿಯರಿಗೆ. "ನಾನು ಹೇಳೋವರೆಗೂ ತೆಗೀಬೇಡಿ."

ಹೊರಗೆ ಬಂದು ಮಾವನಿಗೆ, "ಚಿಲಕ ಸಿಕ್ಕಿಹಾಕ್ಕೊಂಡಿದೆ ಸ್ವಾಮಿ, ಹಳೇದು ನೋಡಿ," ಅಂದೆ. ಬಾಗಿಲ ಹತ್ತಿರ ಬಾಳೆಹಣ್ಣು ಮಾರುವ ಅಜ್ಜಿಗೆ ಕಣ್ಣು ಹೊಡೆದೆ. ಅಜ್ಜಿಗೆ ಕಿವಿ ಮಂದ, ಆದರೆ ಕಣ್ಣು ಹದ್ದಿನದು. ಗಾಡಿಯನ್ನು ಬಾಗಿಲಿಗೆ ಅಡ್ಡ ತಂದು ನಿಲ್ಲಿಸಿ, ಹಣ್ಣು ಒರೆಸುತ್ತಾ ಕೂತಳು.

ನಾನು ವಿಚಾರಣೆ ಕೋಣೆಗೆ ಓಡಿದೆ. ಅಲ್ಲಿ ಬಸ್ಸು ಬರುವ, ಹೋಗುವ ವೇಳೆ ಕೂಗುವವಳು ನಮ್ಮ ಮೈಕ್ ಮೇಡಂ. ನನ್ನ ಮಾತು ಕೇಳಿ ಅವಳು ತಕ್ಷಣ ಸಹಾಯವಾಣಿಗೆ ಫೋನ್ ಹಚ್ಚಿದಳು. ಮೊದಲು ಸಂಗೀತ ಬಂತು. ನಮ್ಮ ಕರೆ ಅವರಿಗೆ ಅಮೂಲ್ಯ ಅಂತ ಒಬ್ಬಳು ನಾಲ್ಕು ಸಲ ಹೇಳಿದಳು. ಆಮೇಲೆ ಒಬ್ಬ ಗಂಡಸಿನ ದನಿ.

"ಘಟನೆ ನಡೆದಿದೆಯಾ?"

"ಇಲ್ಲ ಸಾರ್, ಇನ್ನು ಅರ್ಧ ಗಂಟೆಗೆ ನಡೆಯೋದಿದೆ," ಅಂದಳು ಮೈಕ್ ಮೇಡಂ.

"ನಡೆಯದೆ ಇರೋ ಘಟನೆ ಬಗ್ಗೆ ಹೇಗಮ್ಮ ದೂರು ಬರ್ಕೊಳ್ಳೋದು? ನಡೆದ ಮೇಲೆ ಮಾಡಿ."

ನ್ಯಾಯವಾದ ಮಾತು. ಅವಳು ಫೋನ್ ಇಟ್ಟು ಪೊಲೀಸ್ ಠಾಣೆಗೆ ಮಾಡಿದಳು. ಅವರು ಬರುತ್ತೇವೆ ಅಂದರು. ಠಾಣೆ ಇರೋದು ರಸ್ತೆಯ ಆಚೆ ಬದಿಗೆ. ಹಾಗಾಗಿ ಒಂದೂವರೆ ಗಂಟೆಯಾದರೂ ಬೇಕು ಅಂತ ನಮಗೆ ಗೊತ್ತಿತ್ತು.

"ಅಷ್ಟರಲ್ಲಿ ಬಸ್ಸು ಹೊರಟುಹೋಗುತ್ತಲ್ಲೇ!" ಅಂದೆ.

"ಬಸ್ಸು ಹೋಗಬೇಕಾದ್ರೆ ನಾನು ಹೇಳಬೇಕು," ಅಂದಳು ಮೈಕ್ ಮೇಡಂ. ಗಂಟಲು ಸರಿಮಾಡಿಕೊಂಡು ಗುಂಡಿ ಒತ್ತಿದಳು. ಹನ್ನೊಂದು ನಲವತ್ತರ ಬಸ್ಸು ತಾಂತ್ರಿಕ ಕಾರಣದಿಂದ ತಡವಾಗಿ ಹೊರಡಲಿದೆ ಅಂತ ಇಡೀ ನಿಲ್ದಾಣಕ್ಕೆ ಕೇಳಿಸಿತು. ಆ ಬಸ್ಸು ಸರಿಯಾದ ವೇಳೆಗೆ ಹೊರಟಿದ್ದನ್ನು ನಾನು ಕಂಡೇ ಇಲ್ಲ. ತಡವಾಗಲು ಅದಕ್ಕೊಂದು ಕಾರಣ ಸಿಕ್ಕಿದ್ದು ಅದೇ ಮೊದಲು.

ನಾನು ವಾಪಸು ಬರುವಷ್ಟರಲ್ಲಿ ಮಾವ ಗಾಡಿಯ ಮೇಲಿಂದ ಕೈ ಚಾಚಿ ಬಾಗಿಲು ಬಡಿಯುತ್ತಿದ್ದ. "ಒಡೆದು ಹಾಕ್ತೀನಿ!" ಅಂತಿದ್ದ.

"ಒಡೀರಿ ಸ್ವಾಮಿ. ಒಳಗೆ ಇನ್ನೂ ನಾಲ್ಕು ಜನ ಹೆಂಗಸರಿದ್ದಾರೆ. ಯಾವ ಸ್ಥಿತೀಲಿದ್ದಾರೋ ಏನೋ," ಅಂದೆ. ಒಳಗೆ ಬೇರೆ ಯಾರೂ ಇರಲಿಲ್ಲ. ಮನುಷ್ಯ ಮರ್ಯಾದಸ್ಥ, ಕೈ ಹಿಂದಕ್ಕೆ ತೆಗೆದ.

ಆಗ ಮತ್ತೆ ಮೈಕ್ ಗುರ್ ಅಂದಿತು. "ಪ್ರಯಾಣಿಕರ ಗಮನಕ್ಕೆ. ಹೆಂಗಸರ ಶೌಚಾಲಯದ ಮುಂದೆ ನಿಂತಿರುವ ನೀಲಿ ಅಂಗಿಯ ಮಾವನವರು, ತಮ್ಮ ಇಬ್ಬರು ಸೋದರ ಸೊಸೆಯರ ಹೆಸರು ತಿಳಿಸಲು ಕೂಡಲೇ ವಿಚಾರಣೆ ಕೋಣೆಗೆ ಬರಬೇಕು."

ನೂರು ತಲೆ ತಿರುಗಿದವು. ಹೊರಡದ ಬಸ್ಸಿನಿಂದ ಇಳಿದು ಬೇಜಾರಾಗಿ ನಿಂತಿದ್ದ ಜನಕ್ಕೆ ಇದಕ್ಕಿಂತ ಬೇರೆ ಏನು ಬೇಕು? ಸುತ್ತ ಸೇರಿದರು. ಮಗು ಎತ್ತಿಕೊಂಡ ಒಬ್ಬ ಹೆಂಗಸು, "ಪಾಪ, ಹೆಸರು ಹೇಳಿಬಿಡಿ, ಮುಗೀತಲ್ಲ," ಅಂದಳು. ಡ್ರೈವರ್ ಮೀಸೆ ಒರೆಸಿಕೊಳ್ಳುತ್ತಾ ಬಂದು, "ನನ್ನ ಬಸ್ಸು ನಿಂತಿರೋದು ನಿಮಗೋಸ್ಕರಾನಾ? ಹೇಳಿ ಸ್ವಾಮಿ," ಅಂದ.

ಮಾವ ಬೆವರು ಒರೆಸಿಕೊಂಡು ಎರಡು ಹೆಸರು ಹೇಳಿದ. ಒಳ್ಳೆಯ ಹೆಸರುಗಳೇ. ಒಳಗಿನಿಂದ ಚಿಕ್ಕವಳು ಕೂಗಿ ಹೇಳಿದ ಹೆಸರುಗಳು ಬೇರೆ.

"ಮನೇಲಿ ಕರೆಯೋ ಹೆಸರು ರೀ ಅದು!" ಅಂದ ಮಾವ.

ಇಷ್ಟಕ್ಕೇ ಗೆದ್ದೆವು ಅಂದುಕೊಂಡಿದ್ದೆ. ಅಷ್ಟರಲ್ಲಿ ಒಳಗಿನಿಂದ ದೊಡ್ಡವಳ ದನಿ ಕೇಳಿತು, ಸಿಟ್ಟಿನಲ್ಲಿ ನಡುಗುತ್ತಿತ್ತು.

"ಏನ್ರೀ ಇದು? ನಮ್ಮನ್ನ ಕೂಡಿಹಾಕೋಕೆ ನೀವ್ಯಾರು? ಮನೇಲಿ ಒಲೆ ಉರೀಬೇಕಾದ್ರೆ ನಾನು ಕೆಲಸಕ್ಕೆ ಹೋಗಲೇಬೇಕು. ಈ ಕೆಲಸ ತಪ್ಪಿದ್ರೆ ನೀವು ಕೊಡಿಸ್ತೀರಾ?"

ಒಂದು ಬಾಗಿಲು, ಒಳಗೆ ಒಬ್ಬ ಹುಡುಗಿ, ಹೊರಗೆ ಅವಳ ಒಳ್ಳೆಯದು ಏನು ಅಂತ ಬಲ್ಲ ದೊಡ್ಡವರು. ನನ್ನ ಮೂರು ವರ್ಷದ ಅಡುಗೆಮನೆಯೂ ಇಷ್ಟೇ ಆಗಿತ್ತಲ್ಲ. ಬಾಗಿಲಿಗೆ ಬಾಯಿ ಹತ್ತಿರ ತಂದು ಹೇಳಿದೆ.

"ಚಿಲಕ ನಿನ್ನ ಕಡೆಗಿದೆ ಮಗಳೇ. ನಾನು ಬೀಗ ಹಾಕಿಲ್ಲ. ತೆಗೀಬೇಕು ಅನ್ನಿಸಿದ್ರೆ ತೆಗಿ, ನಾನು ತಡೆಯಲ್ಲ. ಆದ್ರೆ ತೆಗೆಯೋಕೆ ಮುಂಚೆ ನಿನ್ನ ಫೋನ್ ಒಂದು ಕೇಳಿ ನೋಡು. ಅಷ್ಟೇ."

ಒಳಗೆ ಯಾರೋ ನಲ್ಲಿ ನಿಲ್ಲಿಸಿದರು. ಆಮೇಲೆ ದೊಡ್ಡವಳ ದನಿ, "ಚಿಕ್ಕಪ್ಪ, ನನ್ನ ಫೋನ್ ಬಾಗಿಲ ಕೆಳಗೆ ತಳ್ಳಿ. ಅಮ್ಮನಿಗೆ ಒಂದು ಮಾತು ಹೇಳಿ ಬರ್ತೀನಿ."

"ಮೊದಲು ಹೊರಗೆ ಬಾರಮ್ಮ."

"ಕೊಡಿ, ಬರ್ತೀನಿ."

"ಬಾ ಅಂದ್ನಲ್ಲ!"

"ನನ್ನ ಫೋನ್ ಚಿಕ್ಕಪ್ಪ ಅದು."

ಆಗ ಆ ಮರ್ಯಾದಸ್ಥನ ಬಾಯಿಂದ ಒಂದು ಮಾತು ಬಂತು. ಯಾವ ಚಿಕ್ಕಪ್ಪನೂ ಅಣ್ಣನ ಮಗಳಿಗೆ ಅನ್ನದ ಮಾತು. ನೂರು ಜನ ಕೇಳಿಸಿಕೊಂಡರು. ಕಿವಿ ಮಂದದ ಅಜ್ಜಿಗೂ ಕೇಳಿಸಿತು.

ಚಿಲಕ ತೆಗೆಯುವ ಸದ್ದು ಬರಲಿಲ್ಲ.

ಮಾವ ಚೀಲ ಹೆಗಲಿಗೇರಿಸಿ, "ಹಾಳಾಗಿ ಹೋಗಿ," ಅಂತ ಹೊರಟ. ಎರಡು ಹೆಜ್ಜೆ ಇಟ್ಟಿದ್ದನೋ ಇಲ್ಲವೋ, ಅಜ್ಜಿ ಗಾಡಿಯನ್ನು ಅವನ ಮೊಣಕಾಲಿಗೆ ನೂಕಿದಳು. ಹಣ್ಣಿನ ಜೊತೆಗೆ ಅವನೂ ಉರುಳಿದ. ಡ್ರೈವರ್ ಅವನ ಬೆನ್ನ ಮೇಲೆ ಕೂತ, ಮಗುವಿನ ತಾಯಿ ಚೀಲದ ಮೇಲೆ ಕೂತಳು. ಬಸ್ಸಿನ ಸೀಟಿಗಿಂತ ಮೆತ್ತಗಿದೆ ಅಂದಳಂತೆ.

ಪೊಲೀಸರು ಬಂದಿದ್ದು ನಾವು ಅಂದುಕೊಂಡ ಹಾಗೇ ಒಂದೂವರೆ ಗಂಟೆ ಕಳೆದ ಮೇಲೆ. ವಿಚಾರಣೆ ಕೋಣೆಯ ಮೇಜಿನ ಮೇಲೆ ಚೀಲ ಸುರಿದರು. ಐದು ಫೋನು. ಎರಡು ಈ ಹುಡುಗಿಯರದು. ಮಿಕ್ಕ ಮೂರು ಬೇರೆ ಸೊಸೆಯರದಿರಬೇಕು, ದೊಡ್ಡ ಕುಟುಂಬ. ಹೆಡ್ ಕಾನ್‌ಸ್ಟೆಬಲ್ ಬರೆಯುತ್ತಿದ್ದ ಹಾಗೇ ಆ ಮೂರರಲ್ಲೊಂದು ಬಡಿದುಕೊಳ್ಳತೊಡಗಿತು. ಪರದೆಯ ಮೇಲೆ 'ಅಮ್ಮ' ಅಂತ ಇತ್ತು.

"ಯಾರೂ ಮುಟ್ಟಬೇಡಿ, ಸಾಕ್ಷಿ ಅದು," ಅಂದರು ಅವರು.

ದೊಡ್ಡವಳು ಕೈ ಚಾಚಿ ಎತ್ತಿಕೊಂಡಳು. ಆ ಕಡೆಯಿಂದ ಅಳುವೋ ಬೈಗುಳವೋ ತಿಳಿಯದ ಒಂದು ದನಿ, ಹನ್ನೊಂದು ದಿನದಿಂದ ಯಾಕೆ ಫೋನ್ ಎತ್ತಲಿಲ್ಲ ಅಂತ ಕೇಳುತ್ತಿತ್ತು. ಹುಡುಗಿ ಕಣ್ಣು ಮುಚ್ಚಿಕೊಂಡು ಅಂದಳು, "ಅಮ್ಮ, ನಾನು ನಿಮ್ಮ ಮಗಳಲ್ಲ. ಆದ್ರೆ ದಯವಿಟ್ಟು ಫೋನ್ ಇಡಬೇಡಿ."

ಆ ತಾಯಿಗೆ ಒಂದು ಬೀದಿಯ ಹೆಸರು ಗೊತ್ತಿತ್ತು. ಮಗಳು ಬೇರೆ ಯಾರದೋ ಫೋನಿನಿಂದ ಒಂದೇ ಒಂದು ಸಲ ಪಿಸುಗುಟ್ಟಿದ್ದಳಂತೆ. ನಾಲ್ಕನೆಯ ದಿನ ಆ ಬೀದಿಯ ಒಂದು ಮನೆಯಲ್ಲಿ ಆ ಮಗಳೂ ಇನ್ನೊಂದು ಫೋನಿನ ಹುಡುಗಿಯೂ ಸಿಕ್ಕರು. ಬಟ್ಟೆ ಕಾರ್ಖಾನೆ ಅಲ್ಲೆಲ್ಲೂ ಇರಲಿಲ್ಲ.

ಪತ್ರಿಕೆಯಲ್ಲಿ ದೊಡ್ಡ ಸಾಹೇಬರ ಫೋಟೋ ಬಂತು. ಫಲಕದ ಪರಿಣಾಮ ಅಂತ ಹೇಳಿಕೆ ಕೊಟ್ಟಿದ್ದರು. ನನಗೂ ಇಲಾಖೆಯಿಂದ ಒಂದು ಕಾಗದ ಬಂತು. ಸಾರ್ವಜನಿಕ ಶೌಚಾಲಯವನ್ನು ಎರಡು ಗಂಟೆ ಮುಚ್ಚಿದ್ದಕ್ಕೆ ಕಾರಣ ಕೇಳಿ. ತಾಂತ್ರಿಕ ಕಾರಣ ಅಂತ ಬರೆಸಿ ಕಳಿಸಿದೆ.

ಚಿಕ್ಕವಳನ್ನು ಅವಳ ಅಕ್ಕ ಬಂದು ಕರೆದುಕೊಂಡು ಹೋದಳು. ದೊಡ್ಡವಳು ಹೋಗಲಿಲ್ಲ. "ಕೆಲಸ ಕೊಡಿಸ್ತೀರಾ ಅಂತ ಕೇಳಿದ್ದೆ, ಮರೆತ್ರಾ?" ಅಂದಳು ನನಗೆ. ಮರೆಯೋದಕ್ಕೆ ಬಿಟ್ಟರೆ ತಾನೇ. ಮೈಕ್ ಮೇಡಂ, ಡ್ರೈವರ್, ನಾನು ಮೂರು ವಾರ ಕಂಡಕಂಡವರನ್ನೆಲ್ಲ ಕಾಡಿ, ನಿಲ್ದಾಣದ ಪಾರ್ಸೆಲ್ ಕೋಣೆಯಲ್ಲಿ ಅವಳಿಗೊಂದು ಕುರ್ಚಿ ಹಾಕಿಸಿದೆವು. ಈಗ ನನ್ನ ಕೋಣೆಯಲ್ಲೇ ಇದ್ದಾಳೆ. ನನ್ನ ಗೊರಕೆಗೆ ಬೈಯುತ್ತಾಳೆ. ಥ್ಯಾಂಕ್ಸ್ ಅಂತ ಒಂದು ದಿನವೂ ಅಂದಿಲ್ಲ, ನಾನೂ ಕೇಳಿಲ್ಲ.

ಆ ಮೂರರಲ್ಲಿ ಉಳಿದ ಕೊನೆಯ ಫೋನಿಗೆ ಈವರೆಗೆ ಯಾರೂ ಕರೆ ಮಾಡಿಲ್ಲ. ಆ ಹುಡುಗಿ ಸಿಕ್ಕಿಲ್ಲ. ಪ್ರತಿ ಸೋಮವಾರ ನಾವಿಬ್ಬರೂ ರಸ್ತೆ ದಾಟಿ ಠಾಣೆಗೆ ಹೋಗಿ ಕೇಳುತ್ತೇವೆ. ನಮ್ಮನ್ನು ಕಂಡ ಕೂಡಲೇ ಹೆಡ್ ಕಾನ್‌ಸ್ಟೆಬಲ್‌ಗೆ ಊಟದ ಹೊತ್ತಾಗುತ್ತದೆ, ಬೆಳಿಗ್ಗೆ ಹತ್ತಾಗಿದ್ದರೂ. ನಾವು ಬೆಂಚಿನ ಮೇಲೆ ಕೂತು ಕಾಯುತ್ತೇವೆ. ಎಷ್ಟು ಹೊತ್ತು ಉಣ್ಣುತ್ತಾರೋ ಉಣ್ಣಲಿ.