ಎಡಗಿವಿಯ ಕೆಳಗಿನ ಗೆರೆ

“ಇದು ನನ್ನ ಕುತಿಗಿ ಅಲ್ರಿ,” ಎಂದು ಶೃತಿ ತನ್ನ ಮೊಬೈಲನ್ನು ಸಿದ್ದರಾಮನ ಕೀಬೋರ್ಡಿನ ಮೇಲೆಯೇ ಇಟ್ಟಳು.

ಮುಂಡರಗಿ ಬಸ್ ಸ್ಟ್ಯಾಂಡಿನ ಎದುರಿನ ಆ ಸ್ಟುಡಿಯೋದಲ್ಲಿ ಶನಿವಾರದ ಮಧ್ಯಾಹ್ನ ಬೇರೆ ಗಿರಾಕಿಗಳಿರಲಿಲ್ಲ. ಶಿರಹಟ್ಟಿಯ ಮದುವೆಯೊಂದರ ಆಲ್ಬಮ್ ಜೋಡಿಸುತ್ತಿದ್ದ ಸಿದ್ದರಾಮ ಕುರ್ಚಿ ತಿರುಗಿಸಿದ. ಇಂಥ ತಕರಾರು ಅವನಿಗೆ ಹೊಸದಲ್ಲ. ಕಪ್ಪಗೆ ಬಂದೀನಿ ಎನ್ನುವವರು, ಸುಣ್ಣ ಬಳಿದು ಕೊಟ್ಟೀರಿ ಎನ್ನುವವರು, ಈ ಮೂಗು ನಮ್ಮ ಮನೆತನದ್ದೇ ಅಲ್ಲ ಎಂದು ಜಗಳ ತೆಗೆದವರು ಎಲ್ಲರೂ ಬಂದು ಹೋಗಿದ್ದರು. ಅವಳ ಕೊರಳಲ್ಲಿ ಯಾವುದೋ ಶಾಲೆಯ ಗುರುತಿನ ಕಾರ್ಡ್ ಇನ್ನೂ ತೂಗುತ್ತಿತ್ತು.

“ಯಾಕ್ರಿ ಟೀಚರ್ರ, ಭಾಳ ಬೆಳ್ಳಗಾತೇನು? ಒಂದೀಟು ಇಳಿಸಿ ಕೊಡ್ತೀನಿ ತಗೋರಿ.”

“ಬಣ್ಣದ್ದಲ್ಲ. ಇಲ್ಲಿ ನೋಡ್ರಿ.”

ಅವಳು ಎಡಗಡೆಯ ಕೂದಲನ್ನು ಹಿಂದಕ್ಕೆ ಸರಿಸಿ ಮುಖ ಹೊರಳಿಸಿದಳು. ಕಿವಿಯ ಕೆಳಗಿನಿಂದ ಕತ್ತಿನ ನಡುಮಟ್ಟದವರೆಗೆ ಬಿಳಿಯ ಮಚ್ಚೆಯೊಂದು ಹರಡಿತ್ತು. ಅದರ ಒಂದು ಅಂಚು ಗೆರೆ ಎಳೆದಷ್ಟು ಸ್ಪಷ್ಟ, ಇನ್ನೊಂದು ಅಂಚು ಮೈಬಣ್ಣದೊಳಗೆ ಮೆಲ್ಲಗೆ ಕರಗಿತ್ತು. ಸಿದ್ದರಾಮ ಅದನ್ನು ನೋಡಿ, ಮತ್ತೆ ಮೊಬೈಲಿನ ಫೋಟೊ ನೋಡಿದ. ಅದೇ ಮುಖ, ಹಳದಿ ಚೂಡಿದಾರ, ಹಿಂದೆ ನೀಲಿ ಪರದೆ. ಕತ್ತು ಮಾತ್ರ ಕಿವಿಯಿಂದ ಹೆಗಲವರೆಗೆ ಒಂದೇ ಬಣ್ಣ.

“ಇದನ್ನ ತೆಗೀರಿ ಅಂತ ನಿಮಗ ಯಾರು ಹೇಳಿದ್ರು? ನಮ್ಮಪ್ಪ ಹೇಳಿದ್ನೇನು?”

“ಯಾರೂ ಹೇಳಿಲ್ರಿ.”

“ಮತ್ತ?”

ಅವನಿಗೆ ಉತ್ತರ ಗೊತ್ತಿತ್ತು. ಹೇಳಿದರೆ ನಂಬುವ ಹಾಗಿರಲಿಲ್ಲ. ಈ ಹುಡುಗಿಯನ್ನು ಅವನು ನೋಡುತ್ತಿರುವುದೇ ಈಗ. ಕನ್ಯೆಯರ ಫೋಟೊ ತೆಗೆಯುವವಳು ಅವನ ಹೆಂಡತಿ ಭಾಗ್ಯಾ. ಅವತ್ತು ಅವನು ಶಿರಹಟ್ಟಿಯ ಮದುವೆಯಲ್ಲಿದ್ದ. ಮರುದಿನ ಬಂದು, ಅವಳು ತೆಗೆದಿಟ್ಟಿದ್ದನ್ನೆಲ್ಲ ಕಂಪ್ಯೂಟರಿಗೆ ಇಳಿಸಿಕೊಂಡು, ಸರಸರನೆ ತಿದ್ದಿ ಅವರವರ ನಂಬರಿಗೆ ಕಳಿಸಿದ್ದ.

ಗದಗಿನಲ್ಲಿ ಮುಚ್ಚಿಹೋದ ಒಂದು ಟೈಪಿಂಗ್ ಕ್ಲಾಸಿನಿಂದ ತಂದ ಮಾನಿಟರ್ ಅದು. ಅಕ್ಷರ, ಆಭರಣ, ಸೀರೆಯ ಜರಿ ಎಲ್ಲವನ್ನೂ ಚೆನ್ನಾಗಿಯೇ ತೋರಿಸುತ್ತಿತ್ತು. ಒಂದು ಬಣ್ಣ ಸಾವಕಾಶವಾಗಿ ಇನ್ನೊಂದಾಗುವ ಕಡೆ ಮಾತ್ರ ಅದಕ್ಕೆ ಬಣ್ಣ ಸಾಲುತ್ತಿರಲಿಲ್ಲ. ಸಂಜೆಯ ಆಕಾಶ, ಬೆಳಕು ಬಿದ್ದ ಪರದೆ, ಕೆನ್ನೆಯ ಉಬ್ಬು ನುಣ್ಣಗೆ ಇಳಿಯಬೇಕಾದಲ್ಲಿ ಬಾವಿಯ ಮೆಟ್ಟಿಲುಗಳಂತೆ ಪಟ್ಟೆ ಪಟ್ಟೆಯಾಗಿ ಇಳಿಯುತ್ತಿದ್ದವು. ಪ್ರಿಂಟು ಹಾಕಿದರೆ ಪಟ್ಟೆ ಇರುತ್ತಿರಲಿಲ್ಲ. ಆದರೆ ಬೆನ್ನ ಹಿಂದೆ ನಿಂತ ಗಿರಾಕಿಗಳು ಪ್ರಿಂಟಿನವರೆಗೆ ಕಾಯುವವರಲ್ಲ. ಮುಖದ ಮ್ಯಾಲೆ ಗೀರು ಬಿದ್ದಾವಲ್ಲ ಎಂದುಬಿಡುತ್ತಿದ್ದರು. ಅದು ಫೋಟೊದ್ದಲ್ಲ, ಮಾನಿಟರಿನದು ಎಂದು ಹೇಳಿ ಹೇಳಿ ಸಾಕಾಗಿ, ಅವನು ಪಟ್ಟೆ ಕಂಡಲ್ಲೆಲ್ಲ ಬ್ರಷ್ ಆಡಿಸಿ ಒಂದಾಗಿಸುವುದನ್ನು ರೂಢಿ ಮಾಡಿಕೊಂಡಿದ್ದ. ಈಗೀಗ ಅದಕ್ಕೆ ಗಮನವೂ ಬೇಕಾಗುತ್ತಿರಲಿಲ್ಲ. ಶೃತಿಯ ಕತ್ತಿನ ಮೇಲೂ ಕೈ ಹಾಗೆಯೇ ಓಡಿತ್ತು.

ಇದನ್ನೆಲ್ಲ ಅವನು ಅರ್ಧಂಬರ್ಧ ಹೇಳಿದ. ಅವಳು ಪೂರ್ತಿ ಕೇಳಿದಳು.

“ಅಂದ್ರ, ಮಾನಿಟರಿಂದು ಅಂತ ತಿಳಿದು ನಂದು ಅಳಿಸಿದ್ರಿ.”

“ಹೂಂನ್ರಿ.”

“ಚಲೋ ಆತು.”

ಒಳಗಿನ ಕೋಣೆಯ ಪರದೆ ಸರಿಸಿ ಭಾಗ್ಯಾ ಬಂದಳು. ಮಗಳಿಗೆ ಊಟ ಮಾಡಿಸುತ್ತಿದ್ದ ಕೈ ಇನ್ನೂ ಒದ್ದೆಯಿತ್ತು. ಶೃತಿಯನ್ನು ನೋಡಿ ನಕ್ಕವಳು, ಮೊಬೈಲಿನಲ್ಲಿದ್ದುದನ್ನು ನೋಡಿ ಗಂಡನ ಕಡೆ ತಿರುಗಿದಳು.

“ನಾ ಹೇಳಿದ್ನಿಲ್ಲೋ ನಿಮಗ? ಹಳದಿ ಚೂಡಿದಾರದ ಹುಡುಗಿದು ಹೆಂಗೈತಿ ಹಂಗ ಬಿಡ್ರಿ ಅಂತ?”

“ಯಾವಾಗ ಹೇಳಿದ್ದಿ?”

“ಫೋನ್‌ನ್ಯಾಗ. ಹೂಂ ಹೂಂ ಅಂದ್ರೆಲ್ಲ.”

“ಡಿಜೆ ಹಚ್ಚಿದ್ರು ಅಲ್ಲಿ. ನನಗೇನು ಕೇಳಸ್ತೈತಿ?”

“ಡಿಜೆ ಇಲ್ಲದಾಗೂ ನಿಮಗ ಕೇಳಸೂದಿಲ್ಲ ಬಿಡ್ರಿ,” ಎಂದು ಭಾಗ್ಯಾ ಸ್ಟೂಲು ಎಳೆದು ಶೃತಿಯ ಮುಂದೆ ಇಟ್ಟಳು. “ಕುಂಡ್ರಿ ಟೀಚರ್ರ. ಎಲ್ಲೀಮಟ ಬಂತು? ಅವ್ರಿಗೆ ಇದಽ ಹೋತೇನು?”

“ಹೋತ್ರಿ. ನಾಳೆ ಬರಾಕತ್ತಾರ.”

ಹುಡುಗನ ಕಡೆಯವರು ಲಕ್ಷ್ಮೇಶ್ವರದವರು, ಬಟ್ಟೆ ಅಂಗಡಿಯವರು. ಇವರಿಗಿಂತ ಮುಂಚೆ ಇನ್ನೆರಡು ಕಡೆಯವರು ಅವಳ ಊರು ಹಮ್ಮಿಗಿಗೆ ಬಂದು ಅವಳನ್ನು ನೋಡಿ ಹೋಗಿದ್ದರು. ಆವಾಗೆಲ್ಲ ಶೃತಿಯ ಮನೆಯವರು ಕೂದಲನ್ನು ಮುಂದಕ್ಕೆ ಬಿಟ್ಟು ತೆಗೆಸಿದ ಫೋಟೊ ಕಳಿಸಿದ್ದರು.

“ಮೊದಲನೇದವ್ರು ಉಪ್ಪಿಟ್ಟು ತಿಂದ್ರು, ಶಿರಾ ತಿಂದ್ರು,” ಎಂದಳು ಶೃತಿ. “ಹುಡುಗನ ಅತ್ತಿ ಬಂದು, ಎಷ್ಟುದ್ದ ಐತವ್ವಾ ನಿನ್ನ ಜಡಿ ಅಂತ ಎತ್ತಿ ನೋಡಿದ್ರು. ಅಷ್ಟಽ. ಚಾ ಮಾಡಿಟ್ಟಿದ್ದು ಹಂಗಽ ಉಳೀತು.”

“ಎರಡನೇದವ್ರು?”

“ಅವ್ರು ಚಾ ಕುಡದ್ರು. ಹೋಗೂಮುಂದ ನಮ್ಮವ್ವಗ ಒಂದು ಮಲಾಮಿನ ಹೆಸರು ಹೇಳಿ ಹೋದ್ರು.”

ಭಾಗ್ಯಾಗೆ ನಗು ಬಂದಿತು. ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಶೃತಿಯೂ ಸ್ವಲ್ಪ ನಕ್ಕಳು.

“ಅದಕ್ಕ ಈ ಸಲ ಎಡಗಡಿಂದಽ ತೆಗೀರಿ ಅಂತ ನಿಮಗ ಹೇಳಿದ್ದೆ ಅಕ್ಕಾರ. ಬ್ಯಾಡ ಅನ್ನೂದಿದ್ರ ಅವ್ರ ಊರಾಗ ಕುಂತು ಬ್ಯಾಡ ಅನ್ಲಿ. ನಮ್ಮ ಜಮಖಾನಿ ಮ್ಯಾಲೆ ಕುಂತು ಸುಮ್ಮನಾಗೂದು ಬ್ಯಾಡ. ನಮ್ಮವ್ವ ಮತ್ತ ಅಡಗಿಮನ್ಯಾಗ ನಿಂತು ಉಳಿದ ಚಾದ ಕಪ್ಪು ಬಸಿ ಎಣಸೂದು ಬ್ಯಾಡ.”

ಫೋಟೊ ಹೋದದ್ದು ಅಪ್ಪನ ನಂಬರಿಗೆ. ಅಲ್ಲಿಂದ ಲಕ್ಷ್ಮೇಶ್ವರಕ್ಕೆ. ಅಲ್ಲಿಂದ ಬಂದ ಸುದ್ದಿಯನ್ನು ಅಪ್ಪ ಊಟಕ್ಕೆ ಕುಳಿತಾಗ ಹೇಳಿದ್ದ: ಫೋಟೊ ಮನಸ್ಸಿಗೆ ಬಂದೈತಂತ, ಭಾನುವಾರ ಬರ್ತಾರಂತ. ಫೋಟೊ ಹೇಗೆ ಬಂದಿದೆ ಎಂದು ಅವಳು ಕೇಳಿರಲಿಲ್ಲ. ಕೇಳುವ ಅಗತ್ಯ ಕಂಡಿರಲಿಲ್ಲ. ಇವತ್ತು ಜೊತೆಯ ಶಿಕ್ಷಕಿಯೊಬ್ಬಳು ನೋಡಬೇಕೆಂದು ಹಟ ಹಿಡಿದಾಗ ಅಪ್ಪನಿಂದ ತರಿಸಿಕೊಂಡು, ಸ್ಟಾಫ್ ರೂಮಿನಲ್ಲಿ ತೆರೆದಿದ್ದಳು.

“ಇಷ್ಟು ದಿನ ನಾ ಏನು ತಿಳಿದಿದ್ದೆ ಗೊತ್ತೇನ್ರಿ?” ಎಂದಳು. “ನೋಡಿಽ ಒಪ್ಯಾರ ಅಂತ ತಿಳಿದಿದ್ದೆ.”

ಭಾಗ್ಯಾ ಗಂಡನನ್ನು ನೋಡಿದಳು. ಸಿದ್ದರಾಮ ಮಾನಿಟರಿನ ಕಡೆ ತಿರುಗಿ, ಮದುವೆಯ ಆಲ್ಬಮ್ ಮುಚ್ಚಿ, ಮೊದಲ ಫೋಟೊ ಹುಡುಕಿ ತೆರೆದ. ತಿದ್ದುವ ಮುಂಚಿನದು. ಪುಣ್ಯಕ್ಕೆ ಅಳಿಸಿರಲಿಲ್ಲ.

ಶೃತಿ ಎದ್ದು ಹತ್ತಿರ ಬಗ್ಗಿದಳು. ನೀಲಿ ಪರದೆಯ ತುಂಬ ಅಡ್ಡಡ್ಡ ಪಟ್ಟೆಗಳಿದ್ದವು. ಹಣೆಯ ಮೇಲೆ ಎರಡು, ಕೆನ್ನೆಯ ಮೇಲೆ ಮೂರು ನಾಲ್ಕು, ಕತ್ತಿನಲ್ಲಿ ಒಂದರ ಪಕ್ಕ ಒಂದು.

“ಇದರಾಗ ನಂದು ಯಾವ್ದು?”

ಅವಳು ಹಾಸ್ಯಕ್ಕೆ ಕೇಳಿರಲಿಲ್ಲ. ಸಿದ್ದರಾಮ ಮೌಸಿನ ಮೇಲೆ ಕೈ ಇಟ್ಟ. ಅಷ್ಟರಲ್ಲಿ ಗಾಜಿನ ಬಾಗಿಲು ತಳ್ಳಿಕೊಂಡು ಶೃತಿಯ ಅಪ್ಪ ಅಂದಾನಪ್ಪ ಬಂದ. ಹೊಲದ ಪಂಪಿಗೆ ಬೇಕಾದ ಪೈಪಿನ ಜೋಡಣೆಗಳನ್ನು ತುಂಬಿದ ಚೀಲವನ್ನು ನೆಲಕ್ಕಿಟ್ಟು, ಮೂಗಿನ ಮೇಲಿನ ಕನ್ನಡಕವನ್ನು ಮೇಲೇರಿಸಿ, ಮಗಳನ್ನು, ಆಮೇಲೆ ಮಾನಿಟರನ್ನು ನೋಡಿದ.

“ಇಲ್ಲಿ ಅದೀ ಏನು? ಶಾಲಿ ಕಡೆ ಹೋಗಿದ್ದೆ, ಇಲ್ಲಿಗೆ ಬಂದೀ ಅಂದ್ರು,” ಎಂದ. ಮಾನಿಟರಿನ ಕಡೆ ಕೈ ಮಾಡಿ, “ಇದನ್ಯಾಕ ತಗದೀರಿ? ನೀವು ಕಳಿಸಿದ್ದು ಚಲೋ ಬಂದಿತ್ತಲ್ಲ.”

“ಅಪ್ಪಾ, ನೀ ನೋಡಿದ್ದಿ,” ಎಂದಳು ಶೃತಿ.

“ನೋಡಿದ್ದೆ.”

“ನೋಡಿ ಕಳಿಸಿದಿ.”

“ನಾ ಏನು ಅಳಸು ಅಂತ ಹೇಳಿದ್ನೇನವ್ವ? ಇವ್ರು ಹಂಗ ಕಳಿಸಿದ್ರು. ಬಂದದ್ದನ್ನ ಮುಂದ ಕಳಿಸಿದೆ.” ಅಂದಾನಪ್ಪ ಸ್ಟೂಲಿನ ಮೇಲೆ ಕುಳಿತ. “ಮೊದಲ ಬರ್ಲಿ ಅವ್ರು. ನೀ ಮಾತಾಡೂದು ಕೇಳ್ಲಿ, ಓದಿದ್ದು ಕೇಳ್ಲಿ. ಮನೀಗೆ ಬಂದ ಮ್ಯಾಲೆ ಹೆಂಗೂ ಕಾಣತೈತಿ. ಇದರಾಗ ಮೋಸ ಎಲ್ಲೈತಿ?”

“ಜಡಿ ಎತ್ತಿದ ಮ್ಯಾಲೆ ಕಾಣತೈತಿ.”

ಅಂದಾನಪ್ಪ ಸಿದ್ದರಾಮನ ಕಡೆ ತಿರುಗಿದ. “ನೀವಽ ಹೇಳ್ರಿ ತಮ್ಮಾ. ಫೋಟೊ ಅಂದ ಮ್ಯಾಲೆ ಎಲ್ಲಾರೂ ಒಂದೀಟು ತಿದ್ದಸ್ತಾರಿಲ್ಲೋ?”

“ತಿದ್ದಸ್ತಾರ್ರಿ.”

“ಮತ್ತ?”

“ನಾ ಇದನ್ನ ತಿದ್ದಬೇಕಂತ ತಿದ್ದಿಲ್ರಿ ಅಣ್ಣಾರ. ಮಾನಿಟರಿನ ಹೊಲಸು ಅಂತ ತಿಳಿದು ಒರಸಿದ್ದು.”

ಹೇಳಿದ ಮೇಲೆ ಅವನಿಗೆ ಹೊಲಸು ಎಂಬ ಆ ಶಬ್ದ ಕೇಳಿಸಿತು. ಭಾಗ್ಯಾ ಅವನನ್ನು ನೋಡಿದ ರೀತಿ, ಇವತ್ತಿನ ರಾತ್ರಿಯ ಊಟಕ್ಕೂ ಮುಗಿಯುವಂಥದ್ದಾಗಿರಲಿಲ್ಲ. ಶೃತಿ ಮಾನಿಟರಿನ ಮೇಲಿಂದ ಕಣ್ಣು ತೆಗೆಯಲಿಲ್ಲ.

“ತೋರಿಸ್ರಿ,” ಎಂದಳು. “ಯಾವ್ದು ನಂದು, ಯಾವ್ದು ಇದರದು.”

ಸಿದ್ದರಾಮ ಫೋಟೊದ ಬೆಳಕನ್ನು ಏರಿಳಿಸುವ ಗುಂಡಿಯನ್ನು ಹಿಡಿದು ನಿಧಾನ ಬಲಕ್ಕೆ ಜರುಗಿಸಿದ. ನೀಲಿ ಪರದೆಯ ಪಟ್ಟೆಗಳು ಕದಲಿದವು. ಹಣೆಯ ಗೆರೆಗಳು ಕೂದಲಿನ ಕಡೆ ಸರಿದವು, ಕೆನ್ನೆಯ ಗೆರೆಗಳು ಗದ್ದದವರೆಗೆ ನಡೆದು ಹೋದವು, ಒಂದು ಅಳಿದರೆ ಇನ್ನೊಂದು ಬೇರೆ ಜಾಗದಲ್ಲಿ ಹುಟ್ಟಿತು. ಎಡಕ್ಕೆ ಜರುಗಿಸಿದಾಗ ಎಲ್ಲವೂ ಬಂದ ದಾರಿಯಲ್ಲಿ ಹಿಂದಕ್ಕೆ ಹೊರಟವು. ಎಡಗಿವಿಯ ಕೆಳಗಿನ ಗೆರೆ ಮಾತ್ರ ಇದ್ದಲ್ಲೇ ಇತ್ತು.

“ಓಡಾಡೂವೆಲ್ಲಾ ಮಾನಿಟರಿನವು ರೀ,” ಎಂದ ಸಿದ್ದರಾಮ. “ಇದರ ಹತ್ರ ಅಷ್ಟು ಬಣ್ಣ ಇಲ್ಲ. ಇಲ್ಲದ ಕಡೆ ಜಿಗಿದುಬಿಡ್ತೈತಿ.”

“ಇನ್ನೊಮ್ಮೆ ಮಾಡ್ರಿ,” ಎಂದ ಅಂದಾನಪ್ಪ.

ಸಿದ್ದರಾಮ ಇನ್ನೊಮ್ಮೆ ಮಾಡಿದ. ಅಂದಾನಪ್ಪ ಸ್ಟೂಲನ್ನು ಮುಂದಕ್ಕೆಳೆದುಕೊಂಡು, ಮೊಣಕಾಲ ಮೇಲೆ ಕೈಯಿಟ್ಟು ನೋಡಿದ. ಮಗಳು ಪಕ್ಕದಲ್ಲೇ ನಿಂತಿದ್ದಳು. ಅವನು ನೋಡುತ್ತಿದ್ದುದು ಮಾನಿಟರನ್ನು.

“ಸಣ್ಣಾಕಿದ್ದಾಗ ಹುಣಸಿ ಬೀಜದಷ್ಟಿತ್ತು,” ಎಂದ. “ಇಷ್ಟಾಗೈತೇನು?”

“ಆಗಿ ಭಾಳ ವರ್ಷಾತಪ್ಪ.”

ಒಳಗಿನಿಂದ ಮಗು ಕರೆಯಿತು. ಭಾಗ್ಯಾ ಹೋಗಲಿಲ್ಲ. ಅಂದಾನಪ್ಪ ಅಂಗಿಯ ಜೇಬಿನಿಂದ ಫೋನು ತೆಗೆದು ಅಂಗೈಯಲ್ಲಿಟ್ಟುಕೊಂಡು ಕುಳಿತ. ಬೆರಳಿನಿಂದ ಅದರ ಗಾಜನ್ನು ಒರೆಸಿದ. ಆಮೇಲೆ ಮಗಳ ಕಡೆ ಚಾಚಿದ.

“ಅವ್ರ ನಂಬರು ಇದರಾಗೈತಿ. ನನಗ ಕಾಣವಲ್ದು, ಕನ್ನಡಕ ಮನ್ಯಾಗ ಬಿಟ್ಟು ಬಂದೀನಿ. ನೀನಽ ಕಳಸು.”

ಕನ್ನಡಕ ಅವನ ಮೂಗಿನ ಮೇಲೆಯೇ ಇತ್ತು. ಸಿದ್ದರಾಮ ತಿದ್ದದ ಫೋಟೊವನ್ನು ಅಂದಾನಪ್ಪನ ನಂಬರಿಗೆ ಕಳಿಸಿದ. ಶೃತಿ ಅದನ್ನು ತೆರೆದು ನೋಡಿದಳು; ಫೋನಿನಲ್ಲಿ ನೀಲಿ ಪರದೆ ನುಣ್ಣಗಿತ್ತು, ಕೆನ್ನೆ ನುಣ್ಣಗಿತ್ತು, ಮಚ್ಚೆ ಇದ್ದಷ್ಟೇ ಇತ್ತು. ಕೆಳಗೆ ಬರೆಯತೊಡಗಿದಳು, ಬರೆದದ್ದನ್ನು ಓದಿದಳು.

“‘ಮೊದಲು ಬಂದ ಫೋಟೊ ಸರಿ ಇರಲಿಲ್ಲ. ಇದು ಸರಿಯಾದದ್ದು. ನೋಡಿದ ಮೇಲೆ ಬರುವುದಾದರೆ ಬರಬೇಕು.’ ಸಾಕಲ್ಲ?”

“ಮೊದಲ ನಮಸ್ಕಾರ ಅಂತ ಹಾಕು,” ಎಂದ ಅಂದಾನಪ್ಪ. “ಜಗಳಕ್ಕ ಕರದಂಗಾತು.”

ಅವಳು ನಮಸ್ಕಾರ ಸೇರಿಸಿ ಕಳಿಸಿದಳು.

ಹಮ್ಮಿಗಿಯ ಬಸ್ಸಿಗೆ ಇನ್ನೂ ಹೊತ್ತಿತ್ತು. ಇಲ್ಲೇ ಕುಂಡ್ರಿ ಎಂದು ಭಾಗ್ಯಾ ಹೇಳಿದರೂ ತಂದೆ ಮಗಳು ನಿಲ್ಲಲಿಲ್ಲ. ರಸ್ತೆ ದಾಟಿ ಎದುರಿನ ಚಹಾದಂಗಡಿಯ ಬೆಂಚಿನ ಮೇಲೆ ಕುಳಿತರು. ಸಿದ್ದರಾಮ ಆಲ್ಬಮ್ ತೆರೆದ. ಮದುಮಗಳ ಹಿಂದಿನ ಸಂಜೆಯ ಆಕಾಶ ಪಟ್ಟೆ ಪಟ್ಟೆಯಾಗಿತ್ತು. ಅದನ್ನು ಹಾಗೇ ಬಿಟ್ಟು ಗಾಜಿನ ಬಾಗಿಲಿನ ಆಚೆ ನೋಡಿದ.

ಬೆಂಚಿನ ಮೇಲೆ ಅವರಿಬ್ಬರ ನಡುವೆ ಫೋನು ಇತ್ತು. ಇಬ್ಬರೂ ಅದನ್ನು ನೋಡದೆ ಚಹಾ ಕುಡಿಯುತ್ತಿದ್ದರು. ಅಂದಾನಪ್ಪ ತನ್ನದನ್ನು ಮುಗಿಸಿ ಇನ್ನೊಂದು ತರಿಸಿದ. ಅದು ಬರುವ ಹೊತ್ತಿಗೆ ಫೋನು ಬೆಳಗಿತು. ಅವನು ಬಗ್ಗಿ ಲಕ್ಷ್ಮೇಶ್ವರದವರ ಹೆಸರು ಓದಿದ, ಎತ್ತಲಿಲ್ಲ. ಒಂದು ಬೆರಳಿನಿಂದ ಮಗಳ ಕಡೆಗೆ ತಳ್ಳಿದ. ಶೃತಿ ಲೋಟ ಕೆಳಗಿಟ್ಟು, ಕೂದಲನ್ನು ಕೈಯಿಂದ ಒಟ್ಟಿಗೆ ಹಿಡಿದು ಹಿಂದಕ್ಕೆ ಹಾಕಿ, ಫೋನನ್ನು ಎಡಗಿವಿಗೆ ಹಿಡಿದಳು.

“ಏನಂತಾರ?” ಎಂದು ಭಾಗ್ಯಾ ಸಿದ್ದರಾಮನ ಹೆಗಲ ಮೇಲಿಂದ ಕೇಳಿದಳು.

“ಕೇಳವಲ್ದು.”

ಅಷ್ಟರಲ್ಲಿ ಹಮ್ಮಿಗಿಯ ಬಸ್ಸು ಬಂತು. ಹತ್ತುವವರು ಹತ್ತಿದರು, ಕಂಡಕ್ಟರ್ ಸೀಟಿ ಊದಿದ. ಅಂದಾನಪ್ಪ ಪೈಪಿನ ಚೀಲವನ್ನು ಒಳಗೆ ತಳ್ಳಿ, ಒಂದು ಕಾಲನ್ನು ಮೆಟ್ಟಿಲ ಮೇಲೆ, ಇನ್ನೊಂದನ್ನು ರಸ್ತೆಯ ಮೇಲೆ ಇಟ್ಟು ಬಾಗಿಲಿನ ಸರಳನ್ನು ಹಿಡಿದು ನಿಂತ. ಕಂಡಕ್ಟರ್ ಏನೋ ಅನ್ನುತ್ತಿದ್ದ. ಅಂದಾನಪ್ಪ ಅವನ ಕಡೆ ನೋಡದೆ, ಖಾಲಿ ಇದ್ದ ಕೈಯನ್ನು ತಡೀರಿ ಎಂಬಂತೆ ಮೇಲಕ್ಕೆತ್ತಿ ಹಿಡಿದಿದ್ದ. ಬೆಂಚಿನ ಬಳಿ ಶೃತಿ ಎದ್ದು ನಿಂತು, ಬಿಸಿಲಿಗೆ ಕತ್ತು ಕೊಟ್ಟು, ಇನ್ನೂ ಮಾತಾಡುತ್ತಿದ್ದಳು.